ನಿರಪರಾಧಿ ಎಂಬುದೊಂದು ಗೌಪ್ಯ ಮಾಹಿತಿ

ಗೌಡರು ತೀರಿಕೊಂಡ ಸುದ್ದಿ ನನಗೆ ನಾಲ್ಕು ದಿನ ತಡವಾಗಿ ತಲುಪಿತು. ನಮ್ಮ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೆಂಟು ಜನ ಇದ್ದೇವೆ. ಅವರಲ್ಲಿ ಆರು ಜನಕ್ಕೆ ಮೊದಲ ದಿನವೇ ಗೊತ್ತಿತ್ತಂತೆ. ಉಳಿದವರಿಗೆ ಬೇರೆ ಯಾರಾದರೂ ಹೇಳಿರುತ್ತಾರೆ ಎಂದು ಆರೂ ಜನ ಸುಮ್ಮನಿದ್ದರು. ಗುಂಪಿನ ಹೆಸರು ‘ಸಮನ್ವಯ’.

ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ನಮ್ಮ ಕಚೇರಿ ಇರುವುದೇ ಸುದ್ದಿ ಮುಟ್ಟಿಸುವುದಕ್ಕೆ. ದೇಶದೊಳಗಿನ ಭದ್ರತೆ ನೋಡಿಕೊಳ್ಳುವ ಇಲಾಖೆಗಳು ಒಂದೆರಡಲ್ಲ. ಒಬ್ಬರಿಗೆ ಮನುಷ್ಯ ಗೊತ್ತಿರುತ್ತಾನೆ, ಇನ್ನೊಬ್ಬರಿಗೆ ಅವನ ಗಾಡಿ ಗೊತ್ತಿರುತ್ತದೆ, ಮತ್ತೊಬ್ಬರಿಗೆ ಅವನು ಉಳಿದುಕೊಂಡ ಮನೆ. ಈ ಮೂರನ್ನೂ ಒಂದು ಹಾಳೆಯ ಮೇಲೆ ತರಲಿ ಎಂದು ಯಾರೋ ಒಳ್ಳೆಯ ಮನಸ್ಸಿನವರು ನಮ್ಮ ಕೋಶವನ್ನು ಹುಟ್ಟುಹಾಕಿದರು. ಹೆಬ್ಬಾಳದ ಮೇಲ್ಸೇತುವೆಯ ಆಚೆ, ಹಳೆಯ ಎರಡಂತಸ್ತಿನ ಕಟ್ಟಡದಲ್ಲಿ ನಾಲ್ಕು ಕೋಣೆ, ಎಂಟು ಬೀರು, ಮೂರು ಕಂಪ್ಯೂಟರು ಕೊಟ್ಟರು. ಬೀರುಗಳಿಗೆ ಬೀಗ ಇತ್ತು. ಕಂಪ್ಯೂಟರುಗಳಿಗೆ ಪಾಸ್‌ವರ್ಡ್ ಇತ್ತು. ಮಾಹಿತಿ ಒಂದು ಬರಬೇಕಿತ್ತು, ಅಷ್ಟೇ.

ನಾನಲ್ಲಿ ಗುತ್ತಿಗೆ ಮೇಲೆ ಸೇರಿದ ಬೆರಳಚ್ಚುಗಾರ್ತಿ. ಪ್ರತಿ ಮಾರ್ಚಿನಲ್ಲೂ ನನ್ನ ಕೆಲಸದ ಆಯಸ್ಸು ಮುಗಿಯುತ್ತಿತ್ತು, ಪ್ರತಿ ಏಪ್ರಿಲಿನಲ್ಲೂ ಮತ್ತೆ ಹುಟ್ಟುತ್ತಿದ್ದೆ. ಗೌಡರು ನಮ್ಮಲ್ಲಿಗೆ ಬಂದಾಗ ಎ.ಎಸ್.ಐ. ಆಗಿದ್ದರು, ನಿವೃತ್ತಿಗೆ ಐದಾರು ವರ್ಷ ಇತ್ತು. ಅವರ ಪೂರ್ತಿ ಹೆಸರು ಬರೆಯುವುದಿಲ್ಲ. ಗೌಡರು ಎಂದರೆ ಇಲಾಖೆಯಲ್ಲಿ ಸಾವಿರ ಜನ ತಿರುಗಿ ನೋಡುತ್ತಾರೆ, ಯಾರಿಗೂ ತೊಂದರೆಯಿಲ್ಲ. ಅಮೃತಹಳ್ಳಿಯ ಹಳೆಯ ಒಕ್ಕಲು ಮನೆತನ. ಅಪ್ಪ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹದಿನಾಲ್ಕು ಮಹಡಿ ಎದ್ದಿದೆ. ಅಣ್ಣತಮ್ಮಂದಿರು ಕಟ್ಟಡ ಕಟ್ಟಿಸುವವರಾದರು. ಇವರು ಮಾತ್ರ ಯೂನಿಫಾರ್ಮು ಬಿಡಲಿಲ್ಲ. ಕೇಳಿದರೆ, “ಸಣ್ಣೋನಾಗಿದ್ದಾಗ ಪೊಲೀಸ್ನೋರ್ನ ಕಂಡ್ರೆ ಬಲೇ ಭಯ ಕಣವ್ವ. ಒಳಕ್ಕೆ ಸೇರ್ಕೊಂಡ್ರೆ ಓಯ್ತದೆ ಅನ್ಕೊಂಡೆ. ಓಗ್ಲಿಲ್ಲ” ಎನ್ನುತ್ತಿದ್ದರು.

ಬಂದ ವಾರದಲ್ಲೇ ಅವರು ಇಡೀ ವ್ಯವಸ್ಥೆಯನ್ನು ನನಗೆ ಅರ್ಥ ಮಾಡಿಸಿದರು. ದೆಹಲಿಯ ಇಲಾಖೆ ದೊಡ್ಡಮನೆ. ರಾಜ್ಯದ್ದು ಚಿಕ್ಕಮನೆ. ಈಚೆಗೆ ಹುಟ್ಟಿದ, ಎ.ಸಿ. ಇರುವ, ಕನ್ನಡಕ ಹಾಕಿಕೊಂಡ ಹುಡುಗರು ತುಂಬಿರುವ ಮೂರನೆಯದು ಹೊಸಮನೆ.

“ಭಾಗ ಆಗಿರೋ ದಾಯಾದಿಗಳು ಕಣವ್ವ ಇವ್ರು. ಒಬ್ರ ಬಾವಿ ನೀರು ಇನ್ನೊಬ್ರು ಮುಟ್ಟಲ್ಲ. ಮದ್ವೆ ಮನೇಲಿ ಸಿಕ್ರೆ ಚೆನ್ನಾಗಿದ್ದೀರಾ ಅಂತಾರೆ, ಮನೆಗ್ ಓಗಿ ಬೇಲಿ ಸರಿ ಮಾಡ್ಕಂತಾರೆ.”

“ಮತ್ತೆ ನಾವು ಯಾವ ಮನೆ ಸಾರ್?”

“ನಾವು ಜಗಲಿ. ಎಲ್ರೂ ತುಳ್ಕೊಂಡ್ ಓಡಾಡ್ತಾರೆ. ಒಳಕ್ಕೆ ಬಾ ಅಂತ ಯಾರೂ ಕರ್ಯಲ್ಲ.”

ತಿಂಗಳಿಗೊಮ್ಮೆ ಮೂರು ಮನೆಯವರೂ ನಮ್ಮ ಜಗಲಿಯಲ್ಲಿ ಸೇರುತ್ತಿದ್ದರು. ಎಲ್ಲರ ಕೈಯಲ್ಲೂ ಕಡತ, ಕಡತದ ಮೇಲೆ ಕೆಂಪು ಅಕ್ಷರದಲ್ಲಿ ‘ಗೌಪ್ಯ’. ಕಡತವನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಇಟ್ಟುಕೊಂಡು ಕೂರುವರು, ಪರೀಕ್ಷೆಯಲ್ಲಿ ಪಕ್ಕದ ಹುಡುಗನಿಂದ ಉತ್ತರ ಮುಚ್ಚಿಟ್ಟುಕೊಳ್ಳುವ ಹಾಗೆ. ಆ ದಿನದ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಒಬ್ಬರಿಗೊಬ್ಬರು ಗಂಭೀರವಾಗಿ ತಿಳಿಸುವರು. ಉದ್ದಿನವಡೆ ಬರುವುದು. ಚಟ್ನಿಯ ಬಟ್ಟಲು ಮಾತ್ರ ಯಾವ ಅಡ್ಡಿಯೂ ಇಲ್ಲದೆ ಕೈಯಿಂದ ಕೈಗೆ ಹೋಗುವುದು. ಕೊನೆಗೆ ನಾನು ನಡಾವಳಿ ಬೆರಳಚ್ಚು ಮಾಡುವೆ: ‘ಮಾಹಿತಿಯನ್ನು ಪರಸ್ಪರ ವಿನಿಮಯ ಮಾಡಿಕೊಳ್ಳಲಾಯಿತು.’ ಮುಂದಿನ ಸಭೆಯ ದಿನಾಂಕ ತಿಳಿಸುವ ಪತ್ರವೂ ಗೌಪ್ಯವೇ ಆಗಿದ್ದರಿಂದ ಒಂದು ಸಲ ಇಬ್ಬರು ಬರಲೇ ಇಲ್ಲ.

ಗೌಡರು ಆ ಸಭೆಯಲ್ಲಿ ಕೂರುತ್ತಿರಲಿಲ್ಲ. ಅವರಿಗೆ ಕುರ್ಚಿಯೂ ಇರಲಿಲ್ಲ. ಹೊರಗೆ ಟೀ ಗಾಡಿಯ ಹತ್ತಿರ ಮೂರು ಮನೆಯ ಜೀಪು ಡ್ರೈವರುಗಳ ಜೊತೆ ನಿಂತಿರುತ್ತಿದ್ದರು. ಡ್ರೈವರುಗಳು ಗೌಪ್ಯತೆಯ ಯಾವ ಪ್ರಮಾಣವನ್ನೂ ಸ್ವೀಕರಿಸಿದವರಲ್ಲ. ಸಾಹೇಬರು ಎಲ್ಲಿಗೆ ಹೋದರು, ಏಕೆ ಹೋದರು, ಬರುವಾಗ ಮುಖ ಹೇಗಿತ್ತು ಎಲ್ಲ ಅವರಿಗೆ ಗೊತ್ತು. ಗೌಡರು ಟೀ ಹೀರುತ್ತಾ “ಊಂ”, “ಅಂಗಾ?” ಎನ್ನುವರು. ಏನೂ ಬರೆದುಕೊಳ್ಳುತ್ತಿರಲಿಲ್ಲ. “ಬರ್ಕೊಂಡ್ರೆ ಅದು ಗೌಪ್ಯ ಆಗೋಯ್ತದೆ, ಆಮೇಲೆ ನಂಗೇ ಓದಕ್ಕೆ ಪರ್ಮಿಷನ್ ಬೇಕು” ಎಂದು ನಗುತ್ತಿದ್ದರು.

ಒಮ್ಮೆ ಯಲಹಂಕದಾಚೆಯ ಕಲ್ಲುಗಣಿಯೊಂದರಿಂದ ಜಿಲೆಟಿನ್ ಕಡ್ಡಿಗಳ ಒಂದು ಪೆಟ್ಟಿಗೆ ಕಾಣೆಯಾಯಿತು. ಅದು ದೊಡ್ಡಮನೆಗೆ ಗೊತ್ತಿತ್ತು. ಕೆಂಪಾಪುರದಲ್ಲಿ ಯಾವನೋ ಸುಳ್ಳು ದಾಖಲೆ ಕೊಟ್ಟು ಕೋಣೆ ಹಿಡಿದಿದ್ದಾನೆ ಎಂದು ಚಿಕ್ಕಮನೆಗೆ ಗೊತ್ತಿತ್ತು. ಗಣಿಯ ಬಳಿ ಕಂಡ ಗೂಡ್ಸ್ ಆಟೋ ಕೆಂಪಾಪುರದಲ್ಲೇ ಓಡಾಡುತ್ತಿದೆ ಎಂದು ಹೊಸಮನೆಯ ಕ್ಯಾಮೆರಾಗಳಿಗೆ ಗೊತ್ತಿತ್ತು. ಮೂವರೂ ಹನ್ನೆರಡು ದಿನ ತಮ್ಮ ತಮ್ಮ ಚೂರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಕಾದರು. ಹದಿಮೂರನೆಯ ದಿನ ಸಭೆ. ಒಳಗೆ ವಡೆ ನಡೆಯುತ್ತಿದ್ದಾಗ ಹೊರಗೆ ಮೂರು ಡ್ರೈವರುಗಳು ತಮ್ಮ ತಮ್ಮ ಗೋಳು ಹೇಳಿಕೊಂಡರು. ಒಬ್ಬನಿಗೆ ದಿನವೂ ಗಣಿಗೆ ಹೋಗಿ ಧೂಳು ಕುಡಿದು ಕೆಮ್ಮು, ಒಬ್ಬನಿಗೆ ಕೆಂಪಾಪುರದ ಗಲ್ಲಿಯಲ್ಲಿ ಜೀಪು ತಿರುಗಿಸಲಾಗದ ಸಂಕಟ, ಒಬ್ಬನಿಗೆ ಆಟೋ ಹಿಂದೆ ಸುತ್ತಿ ಸುತ್ತಿ ಸೊಂಟನೋವು. ಗೌಡರು ಟೀ ಲೋಟ ಇಟ್ಟು ನೇರ ಸ್ಥಳೀಯ ಠಾಣೆಗೆ ಹೋದರು. ಮುಕ್ಕಾಲು ಗಂಟೆಯಲ್ಲಿ ಪೆಟ್ಟಿಗೆ ಸಿಕ್ಕಿತು. ಸೈಟಿನಲ್ಲಿ ಬಂಡೆ ಒಡೆಯಲು ಕದ್ದು ತಂದವನು ಅದನ್ನು ಮಂಚದ ಕೆಳಗೆ ಇಟ್ಟಿದ್ದ. ಅದೇ ಗೋಡೆಯ ಆಚೆ ಅಂಗನವಾಡಿ. ಮಕ್ಕಳು ಮಧ್ಯಾಹ್ನದ ಊಟ ಮಾಡುತ್ತಿದ್ದವಂತೆ. ಅದನ್ನು ಹೇಳುವಾಗ ಮಾತ್ರ ಗೌಡರು ನಗಲಿಲ್ಲ. “ಅನ್ನೆರಡು ದಿನ ಕಣವ್ವ. ಅನ್ನೆರಡು ದಿನ ಆ ಮಕ್ಳು ಅದ್ರ ಪಕ್ಕದಲ್ಲೇ ಮಲ್ಗವೆ” ಎಂದರು.

ಮೂರು ಮನೆಯವರೂ ಬೇರೆ ಬೇರೆ ದಿನ ಅದೇ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಪತ್ರಿಕೆಯವರಿಗೆ ಫೋಟೋ ಕೊಟ್ಟರು. ‘ಕಾರ್ಯಾಚರಣೆ ಯಶಸ್ವಿ.’ ಒಂದು ಫೋಟೋದ ಅಂಚಿನಲ್ಲಿ ಗೌಡರ ಮೊಣಕೈ ಬಿದ್ದಿತ್ತು.

ಆಮೇಲೆ ಹೊಸ ಸಾಫ್ಟ್‌ವೇರ್ ಬಂತು. ಮೂರು ಮನೆಯ ಕಡತಗಳನ್ನೂ ಒಂದೇ ಕಡೆ ಸೇರಿಸುವ ಮಹಾಯೋಜನೆ. ಕಡತಗಳನ್ನು ಕೊಡುವುದಕ್ಕೆ ಒಪ್ಪಿಸಲು ಒಂದು ವರ್ಷ ಹಿಡಿಯಿತು. ಕೊಟ್ಟ ಮೇಲೆ ಅದನ್ನೆಲ್ಲ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. ಹಾಗೆ ತುಂಬಿಸುವಾಗ ಒಬ್ಬ ಮನುಷ್ಯ ನನಗೆ ಮೂರು ಸಲ ಸಿಕ್ಕಿದ. ಅದೇ ಹೆಸರು, ಅದೇ ಆರ್.ಟಿ. ನಗರದ ವಿಳಾಸ, ಅದೇ ಯಶವಂತಪುರದ ಅಂಗಡಿ. ಉದ್ಯೋಗ: ತಕ್ಕಡಿ ರಿಪೇರಿ. ಅವರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅದು ಈಗಾಗಲೇ ಬೇಕಾದಷ್ಟು ಕಡೆ ಬರೆದಾಗಿದೆ.

ಆದದ್ದಿಷ್ಟು. ಉತ್ತರದ ಕಡೆಯ ಯಾವುದೋ ಪ್ರಕರಣದಲ್ಲಿ ತಪ್ಪಿಸಿಕೊಂಡವನೊಬ್ಬನ ಹೆಸರೂ ಇವರ ಹೆಸರೂ ಒಂದೇ. ಆತನಿಗೆ ಇಪ್ಪತ್ತೊಂಬತ್ತು ವರ್ಷ, ಇವರಿಗೆ ಐವತ್ತನಾಲ್ಕು. ಆದರೂ ಹೆಸರು ಒಂದೇ ತಾನೇ? ದೊಡ್ಡಮನೆಯವರು ಕರೆದುಕೊಂಡು ಹೋಗಿ ವಿಚಾರಿಸಿ, ‘ಸದರಿ ವ್ಯಕ್ತಿ ಆತನಲ್ಲ’ ಎಂದು ಬರೆದು ಬೀರುವಿನಲ್ಲಿಟ್ಟರು. ಚಿಕ್ಕಮನೆಯವರು ಕರೆದುಕೊಂಡು ಹೋಗಿ ಅದನ್ನೇ ಬರೆದು ತಮ್ಮ ಬೀರುವಿನಲ್ಲಿಟ್ಟರು. ಹೊಸಮನೆಯವರೂ ಹಾಗೆಯೇ. ಮೂವರಿಗೂ ಅವರು ನಿರಪರಾಧಿ ಎಂದು ಗೊತ್ತು, ಮೂವರೂ ಅದನ್ನು ಗುಟ್ಟಾಗಿಟ್ಟಿದ್ದರು. ಅನುಮಾನ ಮಾತ್ರ ಮೂವರ ನಡುವೆ ಹಾಲು ಹಣ್ಣಿನ ಹಾಗೆ ಹಂಚಿಕೆಯಾಗಿತ್ತು. ಹಾಗಾಗಿ ಆಗಸ್ಟ್ ಹದಿನೈದು ಬಂದರೆ ಒಬ್ಬರು, ಜನವರಿ ಇಪ್ಪತ್ತಾರು ಬಂದರೆ ಇನ್ನೊಬ್ಬರು. ಆರು ವರ್ಷದಿಂದ.

ಗೌಡರಿಗೆ ತೋರಿಸಿದೆ. ಮೂರು ಹಾಳೆಯನ್ನೂ ಎರಡೆರಡು ಸಲ ಓದಿದರು. ಮರುದಿನ ಮಧ್ಯಾಹ್ನ ಮನೆಯಲ್ಲಿದ್ದ ಹಳೆಯ ತಕ್ಕಡಿಯೊಂದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಮೊಪೆಡ್ ಮೇಲೆ ಯಶವಂತಪುರಕ್ಕೆ ಹೋದರು, ಮಫ್ತಿಯಲ್ಲಿ. ಹಿಂತಿರುಗಿ ಬಂದು ನಡೆದದ್ದನ್ನು ಹೇಳಿದರು.

ಅಂಗಡಿ ಎಂದರೆ ಒಂದು ಕಿರಿದಾದ ಕೋಣೆ. ತಕ್ಕಡಿ ಸಾಬರು ಕನ್ನಡಕದ ಮೇಲಿಂದ ಇವರನ್ನು ನೋಡಿದರಂತೆ. ಚೀಲ ನೋಡಲಿಲ್ಲ, ಕಾಲಿನ ಬೂಟು ನೋಡಿದರು.

“ಕೂತ್ಕೊಳ್ಳಿ ಸಾರ್. ಒಂದ್ನಿಮಿಷ, ಬ್ಯಾಗ್ ತಗೊಂಡ್ಬಿಡ್ತೀನಿ.”

“ಯಾವ್ ಬ್ಯಾಗು?”

ಗೋಡೆಗೆ ಒಂದು ಕೈಚೀಲ ನೇತುಹಾಕಿತ್ತು. ಇಸ್ತ್ರಿ ಮಾಡಿದ ಒಂದು ಅಂಗಿ, ಸಕ್ಕರೆ ಕಾಯಿಲೆಯ ಮಾತ್ರೆ, ಒಂದು ಪೊಟ್ಟಣ ಬಿಸ್ಕತ್ತು. “ಸಂಜೆ ತನಕ ಕೂರಿಸ್ತೀರಲ್ಲ ಸಾರ್, ಅದಕ್ಕೆ. ನೀವು ಯಾವ ಆಫೀಸು? ಇನ್ನೂ ಆಗಸ್ಟ್ ಬಂದಿಲ್ವಲ್ಲ, ಬೇಗ ಬಂದ್ರಿ.”

ಗೌಡರು ಗೋಣಿಚೀಲ ಬಿಚ್ಚಿದರು. ತಕ್ಕಡಿ ರಿಪೇರಿಗೆ ಬಂದೆ ಎಂದರು. ಸಾಬರು ನಂಬಲಿಲ್ಲ, ಆದರೂ ತಕ್ಕಡಿ ತೆಗೆದುಕೊಂಡು ಮುಳ್ಳನ್ನು ತಿಕ್ಕಿ, ಕೊಂಡಿ ಸರಿಮಾಡಿ, ತೂಗಿ ನೋಡಿ ಕೊಟ್ಟರು. ಮಂಡಿಯ ವ್ಯಾಪಾರಿಗಳು ಅವರಿಗೆ ಕೆಲಸ ಕೊಡುವುದನ್ನು ಕಡಿಮೆ ಮಾಡಿದ್ದರು. ಮೇಲಿಂದ ಮೇಲೆ ಜೀಪು ಬಂದು ನಿಲ್ಲುವ ಅಂಗಡಿಗೆ ಯಾರು ಬರುತ್ತಾರೆ? ನರ್ಸಿಂಗ್ ಮುಗಿಸಿದ ಮಗಳ ಪಾಸ್‌ಪೋರ್ಟು ತಂದೆಯ ಹೆಸರಿಗೆ ಬಂದು ನಿಂತುಬಿಟ್ಟಿತ್ತು. “ನಂದು ಹೋಗ್ಲಿ ಸಾರ್,” ಎಂದರಂತೆ. “ನೀವು ಮೂರ್ ಜನಾನೂ ಒಂದೇ ದಿನ ಬನ್ನಿ ಅಂತ ಕೇಳ್ಬೋದಾ? ವರ್ಷಕ್ಕೊಂದ್ಸಲ. ನಾನೇ ಎಲ್ಲರ್ಗೂ ಟೀ ಹೇಳ್ತೀನಿ.”

ಇದನ್ನು ಹೇಳಿ ಗೌಡರು ನನ್ನ ಕಂಪ್ಯೂಟರಿನ ಪಕ್ಕ ಕುರ್ಚಿ ಎಳೆದುಕೊಂಡರು. “ಇದ್ರಲ್ಲಿ ಆವಯ್ಯ ತಪ್ಪಿತಸ್ಥ ಅಲ್ಲ ಅಂತ ಆಕವ್ವ.”

ಹಾಕಲು ಆಗುತ್ತಿರಲಿಲ್ಲ. ಸ್ಥಿತಿ ಎಂಬ ಕಡೆ ಒತ್ತಿದರೆ ನಾಲ್ಕೇ ಪದ ಬರುತ್ತಿದ್ದವು: ಶಂಕಿತ, ತಲೆಮರೆಸಿಕೊಂಡಾತ, ಬಂಧಿತ, ಮೃತ. ಕೋಟ್ಯಂತರ ಜನರಿರುವ ದೇಶಕ್ಕೆ ಈ ನಾಲ್ಕೇ ಸಾಕು ಎಂದು ಯಾರೋ ಬುದ್ಧಿವಂತರು ತೀರ್ಮಾನಿಸಿದ್ದರು. ನಾನೂ ಬುದ್ಧಿವಂತೆಯೇ. “ಸಾರ್, ಮೃತ ಅಂತ ಹಾಕ್ಬಿಡ್ಲಾ? ಸತ್ತೋರ್ನ ಯಾರೂ ಕರೆಯಲ್ಲ. ಒಂದೇ ಕ್ಲಿಕ್ಕು” ಎಂದೆ.

ಗೌಡರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಆವಯ್ಯ ಇವತ್ತು ನನ್ ತಕ್ಕಡಿ ಸರಿಮಾಡ್ ಕೊಟ್ಟವ್ನೆ. ಬದ್ಕಿರೋ ಮನ್ಸನ್ನ ಸಾಯಿಸ್ಬುಟ್ಟು ಸುಖವಾಗಿರು ಅಂತೀಯಾ? ಬೇರೆ ದಾರಿ ಇಲ್ವಾ ನಮ್ಗೆ?”

ಬೇರೆ ದಾರಿ ಎಂದರೆ ಪತ್ರ. ಅವರು ಹೇಳಿದರು, ನಾನು ಬೆರಳಚ್ಚು ಮಾಡಿದೆ. ಮೂರು ಮನೆಯವರೂ ಬೇರೆ ಬೇರೆಯಾಗಿ ವಿಚಾರಿಸಿ ಈ ವ್ಯಕ್ತಿ ಆತನಲ್ಲವೆಂದು ದಾಖಲಿಸಿರುವುದರಿಂದ ಇನ್ನು ಮುಂದೆ ಇವರನ್ನು ಕರೆಯುವ ಅಗತ್ಯವಿಲ್ಲ ಎಂದು ಒಂದೂವರೆ ಪುಟ. ನಮ್ಮ ಮೇಲಧಿಕಾರಿ ಒಳ್ಳೆಯ ಮೂಡಿನಲ್ಲಿದ್ದರೋ, ಓದಲಿಲ್ಲವೋ, ಸಹಿ ಹಾಕಿದರು. ಗೌಡರು ಮೂರು ಪ್ರತಿ ಹಿಡಿದುಕೊಂಡು ಮೊಪೆಡ್ ಹತ್ತಿದರು.

ದೊಡ್ಡಮನೆಯವರು, ಗೌಪ್ಯ ಪತ್ರವನ್ನು ಕೈಯಲ್ಲಿ ತರುವಂತಿಲ್ಲ, ಕಂಪ್ಯೂಟರಿನಲ್ಲಿ ಕಳಿಸಿ ಎಂದರು. ಚಿಕ್ಕಮನೆಯವರು, ಕಂಪ್ಯೂಟರಿನಲ್ಲಿ ಬಂದದ್ದು ನಮಗೆ ಲೆಕ್ಕವಿಲ್ಲ, ಕೈಯಲ್ಲೇ ತನ್ನಿ, ಆದರೆ ಲಕೋಟೆಗೆ ಅರಗು ಹಾಕಿ ಎಂದರು. ಅರಗು ಹಾಕಿಸಿಕೊಂಡು ಹೋದರೆ ಲಕೋಟೆ ಒಡೆಯುವ ಅಧಿಕಾರಿ ತರಬೇತಿಗೆ ಹೋಗಿದ್ದರು. ಹೊಸಮನೆಯ ಹುಡುಗನೊಬ್ಬ ಮಾತ್ರ ಪೂರ್ತಿ ಓದಿ, “ಅಂಕಲ್, ಇದ್ರಲ್ಲಿ ಆ್ಯಕ್ಷನ್ ಪಾಯಿಂಟೇ ಇಲ್ವಲ್ಲ” ಎಂದನಂತೆ. “ಏನೂ ಮಾಡ್ಬೇಡಿ ಅನ್ನೋದೇ ಕಣಪ್ಪ ಪಾಯಿಂಟು” ಎಂದರಂತೆ ಇವರು. ಎರಡು ತಿಂಗಳು ಓಡಾಡಿದರು. ಪತ್ರ ಮುಟ್ಟಿತು ಎಂಬ ಮೂರು ಮೊಹರು ಬೇಕಿತ್ತು, ಒಂದು ಸಿಕ್ಕಿತು.

ಕೊನೆಗೊಂದು ದಿನ, “ಇನ್ನೊಂದ್ ಕಾಪಿ ಕೊಡವ್ವ” ಎಂದರು. ಯಾರಿಗೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಾಯಿತು, ಕೊಟ್ಟೆ. ಇದನ್ನು ಈಗ ಬರೆಯುವಷ್ಟು ಸಲೀಸಾಗಿ ಆಗ ಯೋಚಿಸಿರಲಿಲ್ಲ.

ಜನವರಿಯಲ್ಲಿ ಚಿಕ್ಕಮನೆಯವರು ಯಥಾಪ್ರಕಾರ ಯಶವಂತಪುರಕ್ಕೆ ಹೋದರು. ಈ ಸಲ ಸಾಬರು ಕೈಚೀಲ ತೆಗೆದುಕೊಳ್ಳಲಿಲ್ಲ. ಪತ್ರ ತೆಗೆದು ತೋರಿಸಿದರು. ಬಂದಿದ್ದ ಅಧಿಕಾರಿ ಓದಿದರು. ಈ ಮನುಷ್ಯ ನಿರಪರಾಧಿ ಎಂಬುದು ಅವರಿಗೆ ಹೊಸ ವಿಷಯವೇನಲ್ಲ. ಅದು ಈ ಮನುಷ್ಯನಿಗೇ ಹೇಗೆ ಗೊತ್ತಾಯಿತು ಎಂಬುದು ಅವರನ್ನು ಗಾಬರಿಗೊಳಿಸಿತು. ಆರು ವರ್ಷದಲ್ಲಿ ಮೊದಲ ಬಾರಿಗೆ ಸಾಬರನ್ನು ಹಿಡಿದಿಟ್ಟುಕೊಳ್ಳಲು ಒಂದು ಕಾರಣ ಸಿಕ್ಕಿತ್ತು: ಗೌಪ್ಯ ದಾಖಲೆ ಇಟ್ಟುಕೊಂಡಿದ್ದಾರೆ. ಪ್ರತಿ ಸಲ ಸಂಜೆಗೆ ಬಿಡುತ್ತಿದ್ದವರು ಮರುದಿನವೂ ಬಿಡಲಿಲ್ಲ.

ಮಗಳು ಅಳುತ್ತಾ ನಮ್ಮ ಕಚೇರಿಯ ಗೇಟಿಗೆ ಬಂದಳು. ಗೌಡರು ಊಟದ ಡಬ್ಬಿ ತೆರೆದಿದ್ದವರು ಹಾಗೇ ಮುಚ್ಚಿಟ್ಟು ಎದ್ದರು. ಚಿಕ್ಕಮನೆಗೆ ಹೋಗಿ, “ಆ ಪತ್ರ ಕೊಟ್ಟಿದ್ದು ನಾನು. ಆವಯ್ಯನ್ನ ಬಿಡಿ, ನನ್ನ ಕೂರ್ಸಿ” ಎಂದರು. ಸಾಬರನ್ನು ಬಿಟ್ಟರು. ಗೌಡರ ಮೇಲೆ ಇಲಾಖಾ ವಿಚಾರಣೆ ಶುರುವಾಯಿತು. ಅನುಮಾನದ ವಿಷಯದಲ್ಲಿ ನಮ್ಮವರು ಎಷ್ಟು ಚುರುಕು ನೋಡಿ. ಎರಡು ತಿಂಗಳು ಮೂರು ಮನೆ ಸುತ್ತಿದರೂ ಇಳಿಯದ ಪತ್ರ, ದೂರಾಗಿ ಮಾರ್ಪಟ್ಟ ಮೇಲೆ ಅದೇ ಸಂಜೆ ಮೂರು ಮನೆಯನ್ನೂ ಮುಟ್ಟಿತು.

ವಿಚಾರಣೆ ನಡೆದದ್ದು ನಮ್ಮ ಸಭೆಯ ಕೋಣೆಯಲ್ಲೇ. ಅಂದು ಗೌಡರಿಗೆ ಅಲ್ಲಿ ಮೊದಲ ಸಲ ಕುರ್ಚಿ ಸಿಕ್ಕಿತು. ಹೇಳಿಕೆಗಳನ್ನು ಬರೆದುಕೊಳ್ಳಲು ಒಬ್ಬರು ಬೆರಳಚ್ಚುಗಾರರು ಬೇಕಿತ್ತು. ನನ್ನನ್ನು ಕರೆದರು. ಅದು ಮಾರ್ಚಿ ತಿಂಗಳು.

ವಿಚಾರಣಾಧಿಕಾರಿ ಬಹಳ ಶಿಸ್ತಿನ ಮನುಷ್ಯ. ಮೊದಲ ಪ್ರಶ್ನೆಗೇ ಅವರು ನೇರ ಅಲ್ಲಿಗೇ ಬಂದರು.

“ಈ ಪತ್ರ ಟೈಪ್ ಮಾಡಿದ್ದು ಯಾರು?”

ನನ್ನ ಬೆರಳುಗಳು ಕೀಲಿಗಳ ಮೇಲಿದ್ದವು. ಗೌಡರು ನನ್ನ ಕಡೆ ನೋಡಲೂ ಇಲ್ಲ. “ನಾನೇ ಸಾರ್.”

“ನಿಮಗೆ ಟೈಪಿಂಗ್ ಬರುತ್ತಾ?”

“ಎಲ್ಡ್ ಬೆರ್ಳಲ್ಲಿ ಬತ್ತದೆ ಸಾರ್.”

ಅಧಿಕಾರಿಗೆ ನಂಬಿಕೆ ಬರಲಿಲ್ಲ. ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿ, ನಿಮ್ಮ ಹೆಸರು ಹೊಡೆಯಿರಿ ಎಂದರು. ಗೌಡರು ತೋರುಬೆರಳು ಎತ್ತಿ ಕೀಲಿಮಣೆಯ ಮೇಲೆ ಗಿಣಿಶಾಸ್ತ್ರದ ಗಿಣಿಯ ಹಾಗೆ ಹುಡುಕತೊಡಗಿದರು. ಒಂದು ಅಕ್ಷರ ಸಿಕ್ಕಿತು. ಒತ್ತು ಎಲ್ಲಿದೆ ಎಂದು ಹುಡುಕಿದರು. ನನ್ನ ಬಾಯಿಗೆ ಮಾತು ಬಂದಿತ್ತು, ದೇವರಾಣೆ ಬಂದಿತ್ತು. ಮಾರ್ಚಿ ಕಣ್ಣ ಮುಂದೆ ನಿಂತಿತು. ನುಂಗಿದೆ. ಮೂರನೆಯ ಅಕ್ಷರಕ್ಕೆ ಅಧಿಕಾರಿಯ ತಾಳ್ಮೆ ಮುಗಿಯಿತು. “ಸಾಕು ಸಾಕು. ಬರ್ಕೊಳ್ಳಮ್ಮ” ಎಂದರು.

ಬರೆದುಕೊಂಡೆ. ‘ಸದರಿ ಪತ್ರವನ್ನು ನಾನೇ ಬೆರಳಚ್ಚು ಮಾಡಿರುತ್ತೇನೆ.’ ಆ ಸಾಲನ್ನು ನನ್ನ ಹತ್ತು ಬೆರಳುಗಳಿಂದ, ಒಂದೂ ತಪ್ಪಿಲ್ಲದೆ, ಅವರ ಹೆಸರಿನಲ್ಲಿ ಬೆರಳಚ್ಚು ಮಾಡಿದೆ. ನನ್ನ ವೇಗವನ್ನು ಅಧಿಕಾರಿ ಮೆಚ್ಚಿಕೊಂಡರು.

ಕೊನೆಯಲ್ಲಿ ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಗೌಡರು ಒಂದೇ ಒಂದು ಕೋರಿಕೆ ಇಟ್ಟರು. “ನನ್ ತಪ್ಪು ದೊಡ್ದು ಸಾರ್, ಸರ್ಯಾಗಿ ಬರ್ಸಿ. ಯಾವ್ ಆರೋಪಾನೂ ಇಲ್ದಿರೋ, ಮೂರು ಇಲಾಖೆನೂ ವಿಚಾರ್ಸಿ ನಿರಪರಾಧಿ ಅಂತ ತೀರ್ಮಾನ ಮಾಡಿರೋ ಮನ್ಸಂಗೆ ಗೌಪ್ಯ ಪತ್ರ ಕೊಟ್ಟೆ ಅಂತ ಮೊದಲ್ನೇ ಸಾಲಲ್ಲೇ ಬರ್ಲಿ.” ಅಧಿಕಾರಿಗೆ ಇದರಿಂದ ಆರೋಪ ಇನ್ನೂ ಗಟ್ಟಿಯಾಯಿತು ಎನ್ನಿಸಿತು. ಹಾಗೇ ಬರೆಯಿಸಿದರು.

ವರದಿ ಮುಗಿಸಿ ಕೆಳಗೆ ‘ಪ್ರತಿಗಳು’ ಎಂದು ಬರೆಯುವಾಗ ನನಗೆ ಹೊಳೆಯಿತು. ಒಂದು ದೊಡ್ಡಮನೆಗೆ, ಒಂದು ಚಿಕ್ಕಮನೆಗೆ, ಒಂದು ಹೊಸಮನೆಗೆ. ಶಿಸ್ತುಕ್ರಮದ ವರದಿಯನ್ನು ಯಾವ ಮನೆಯೂ ಬೇಡ ಎನ್ನುವುದಿಲ್ಲ. ಇನ್ನೊಬ್ಬನಿಗೆ ಶಿಕ್ಷೆಯಾದ ಕಾಗದವನ್ನು ನಮ್ಮಲ್ಲಿ ಎಲ್ಲರೂ ಮೊದಲ ಸಾಲಿನಿಂದ ಕೊನೆಯವರೆಗೆ ಓದುತ್ತಾರೆ. ಓದಿ ಸಹಿ ಹಾಕಿ ಮೊಹರು ಒತ್ತುತ್ತಾರೆ. ತಲೆಯೆತ್ತಿ ನೋಡಿದೆ. ಗೌಡರು ಕಿಟಕಿಯ ಹೊರಗೆ ಟೀ ಗಾಡಿಯ ಕಡೆ ನೋಡುತ್ತಾ ಕೂತಿದ್ದರು.

ಅವರಿಗೆ ಛೀಮಾರಿ ಹಾಕಿ, ವಶಪಡಿಸಿಕೊಂಡ ವಾಹನಗಳನ್ನು ನಿಲ್ಲಿಸುವ ಬಯಲಿಗೆ ವರ್ಗ ಮಾಡಿದರು. ತುಕ್ಕು ಹಿಡಿದ ಗಾಡಿಗಳು, ನಡುವೆ ಎಕ್ಕದ ಗಿಡ, ಒಂದು ತಗಡಿನ ಶೆಡ್ಡು. ಮುಂದಿನ ವರ್ಷ ಅಲ್ಲಿಂದಲೇ ನಿವೃತ್ತರಾದರು. ಹಾರ ಹಾಕಲು ನಮ್ಮ ಕಚೇರಿಯಿಂದ ಯಾರೂ ಹೋಗಲಿಲ್ಲ. ಅವರ ನಿವೃತ್ತಿಯ ದಿನಾಂಕ ನಮಗೆ ತಿಳಿಸಿರಲಿಲ್ಲ ಎಂದು ಎಲ್ಲರೂ ಹೇಳಿಕೊಂಡೆವು. ನನ್ನ ಗುತ್ತಿಗೆ ಮಾತ್ರ ಏಪ್ರಿಲಿನಲ್ಲಿ ಸುಸೂತ್ರವಾಗಿ ಮುಂದುವರಿಯಿತು. ಒಂದು ಸಲ ಜಕ್ಕೂರಿನ ಕೆರೆ ಏರಿಯ ಮೇಲೆ ಅವರು ನಡೆದು ಬರುತ್ತಿದ್ದುದನ್ನು ದೂರದಿಂದ ಕಂಡೆ. ಫೋನು ಬಂದವಳ ಹಾಗೆ ಕಿವಿಗೆ ಮೊಬೈಲು ಇಟ್ಟುಕೊಂಡು ತಿರುಗಿ ನಡೆದೆ. ಅವರು ಕಂಡರೋ ಇಲ್ಲವೋ ಗೊತ್ತಿಲ್ಲ. ಪೊಲೀಸರಲ್ಲವೇ, ಕಂಡಿರುತ್ತಾರೆ.

ಸುದ್ದಿ ತಿಳಿದು ಒಂದು ವಾರಕ್ಕೆ, ಹನ್ನೊಂದನೆಯ ದಿನದ ತಿಥಿಗೆ ಅಮೃತಹಳ್ಳಿಗೆ ಹೋದೆ. ಹದಿನಾಲ್ಕು ಮಹಡಿಯ ನೆರಳಿನಲ್ಲಿ ಹಳೆಯ ಮನೆ. ಶಾಮಿಯಾನದ ಕೆಳಗೆ ಅಡಿಗೆಯವರಿಗೆ ತರಕಾರಿ ತೂಗಿ ಕೊಡುತ್ತಾ ಬಿಳಿಗಡ್ಡದವರೊಬ್ಬರು ನಿಂತಿದ್ದರು. ಅವರನ್ನು ಮೂರು ಕಡತದಲ್ಲಿ ನೋಡಿದ್ದ ನನಗೆ ಗುರುತು ಹತ್ತಲು ಕಷ್ಟವಾಗಲಿಲ್ಲ. ಫೋಟೋದಲ್ಲಿ ನಗು ಇರಲಿಲ್ಲ, ಅಷ್ಟೇ. ಗೌಡರ ಕಚೇರಿಯವಳು ಎಂದೆ. ಕುರ್ಚಿ ಹಾಕಿ ಕೂರಿಸಿದರು.

“ಆ ವರ್ಷ ಆಗಸ್ಟಲ್ಲಿ ಮೇಡಂ, ಬೆಳಗ್ಗೆ ಸ್ನಾನ ಮಾಡಿ ಅಂಗಡಿ ತೆಗೀದೆ ಮನೇಲೇ ಕೂತಿದ್ದೆ. ಮಧ್ಯಾಹ್ನ ಆಯ್ತು, ಸಂಜೆ ಆಯ್ತು. ಯಾರೂ ಬರ್ಲಿಲ್ಲ. ನನ್ ಹೆಂಡ್ತಿ ಹೆದರ್ಕೊಂಡ್ಳು, ಏನೋ ದೊಡ್ಡದೇ ಬರ್ತಿದೆ ಅಂತ. ಮಾರನೇ ದಿನ ಇಲ್ಲಿಗ್ ಬಂದು ಕೇಳ್ದೆ, ಸಾರ್, ಅವ್ರು ಯಾಕ್ ಬರ್ಲಿಲ್ಲ? ‘ಅಂಗಡಿ ಯಾಕ್ ಮುಚ್ಚಿದ್ದೆ, ಓಗ್ ತೆಗಿ’ ಅಂತ ಬೈದ್ರು.” ಆಮೇಲೂ ಯಾರೂ ಬಂದಿಲ್ಲ. ಮಗಳು ಮಸ್ಕತ್‌ನಲ್ಲಿ ನರ್ಸು.

ಒಳಗೆ ಹೋದೆ. ಗೌಡರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಹೆಸರು ಹೇಳಿದೆ, ಕೆಲಸ ಹೇಳಿದೆ. ಟೈಪಿಂಗ್ ಎಂದ ಕೂಡಲೇ ಅವರ ಮುಖದಲ್ಲಿ ಏನೋ ಸುಳಿಯಿತು.

“ಎನ್ಕ್ವೈರಿ ದಿನ ಮನೆಗ್ ಬಂದು, ಇವತ್ತು ಟೈಪ್ ಒಡ್ಯೋದ್ ಕಲ್ತ್ಕೊಂಡೆ ಕಣೆ ಅಂದ್ರು. ನಕ್ಕಿದ್ದೂ ನಕ್ಕಿದ್ದೇ.”

ನಾನೂ ನಗಲು ನೋಡಿದೆ. ಆಗಲಿಲ್ಲ. “ಆ ಪತ್ರ ಅವರು ಟೈಪ್ ಮಾಡಿದ್ದಲ್ಲಮ್ಮ” ಎಂದೆ.

“ನಂಗ್ ಗೊತ್ತಿಲ್ವಾ?” ಎಂದರು ಆಕೆ. “ಫೋನಲ್ಲಿ ನನ್ ಎಸ್ರು ಒಡ್ಯಕ್ಕೂ ಬತ್ತಿರ್ಲಿಲ್ಲ ಅವ್ರಿಗೆ. ಯಾರದು ಅಂತ ಎಷ್ಟ್ ಕೇಳುದ್ರೂ ಬಾಯ್ ಬಿಡ್ಲಿಲ್ಲ. ಯಾರೋ ಎಣ್ಮಗೀನ ಉಳ್ಸಕ್ಕೆ ತಲೆ ಕೊಟ್ಟವ್ರೆ ಅನ್ಕೊಂಡೆ.” ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. “ನೀನೇನಾ ಅದು?”

“ಹೌದಮ್ಮ” ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಮೂರು ವರ್ಷ ಬೇಕಾಯಿತು.